ಆರು ಲಕ್ಷ ಆಪರೇಷನ್ ಮಾಡಿದ ಮೋದಿ ಡಾಕ್ಟರ್ ಎಷ್ಟು ಜನರ ಕಣ್ಣು ಪರೀಕ್ಷೆ ಮಾಡಿದ್ದರು ಗೊತ್ತಾ?

ಬೆಂಗಳೂರು: ಮಲ್ಲೇಶ್ವರಂನಿಂದ ಪಶ್ಚಿಮಕ್ಕೆ, ಮಹಾಲಕ್ಷ್ಮಿಪುರಂ ಕಡೆಗೆ ಹೋಗೋ ಬಸ್ಸಿನಲ್ಲಿ ಮೋದಿ ಆಸ್ಪತ್ರೆ ಸ್ಟಾಪ್ ಅಂತ ಕೂಗಿದ್ರೆ ಕಾಲೇಜು ಹುಡುಗರಲ್ಲಿ ಕೆಲವರಿಗಾದರೂ ಅದು ಪ್ರಧಾನಿಯವರ ಹೆಸರಿನ ಆಸ್ಪತ್ರೆ ಅನ್ನಿಸುತ್ತೆ. ಅಲ್ಲ. ಆ ಹೆಸರು ಅಲ್ಲಿಗೆ ಬಂದು ದಶಕಗಳೇ ಆದವು. ಅದು ಬೀಳಗಿಯ ಮುರುಗೆಪ್ಪ ಚನ್ನವೀರಪ್ಪ ಮೋದಿ ಅವರ ಹೆಸರು. ಜನರ ಬಾಯಲ್ಲಿ ಎಂ.ಸಿ. ಮೋದಿ, ಇನ್ನೂ ಚಿಕ್ಕದಾಗಿ ಮೋದಿ ಡಾಕ್ಟರ್. ತಾಲ್ಲೂಕಿನ ಯಾವ ಊರಲ್ಲಾದರೂ 60 ದಾಟಿದವರನ್ನ ಕೇಳಿ ನೋಡಿ, ಹೆಸರು ಹೇಳಿದ ತಕ್ಷಣ ಕಣ್ಣಿನ ಕ್ಯಾಂಪ್ ಅಂತ ನೆನಪು ಮಾಡಿಕೊಳ್ತಾರೆ.

ಅಕ್ಟೋಬರ್ 4 ಅವರು ಹುಟ್ಟಿದ ದಿನ. ಅದೇ ತಿಂಗಳ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಎರಡೂ ಒಂದೇ ತಿಂಗಳಲ್ಲಿ ಬರೋದು ಕಾಕತಾಳೀಯ. ಆದ್ರೆ ಈ ತಿಂಗಳಲ್ಲಿ ಅವರ ಬದುಕಿನ ಲೆಕ್ಕವನ್ನ ಇನ್ನೊಂದು ಸಲ ತೆಗೆದು ನೋಡಬೇಕು. ಅದರಲ್ಲೂ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಕಡೆ ಮಕ್ಕಳನ್ನ ಡಿಗ್ರಿಗೆ ಕಳಿಸಿರುವ ತಂದೆ ತಾಯಂದಿರು ನೋಡಬೇಕು. ಯಾಕೆ ಅನ್ನೋದು ಮುಂದೆ ಬರುತ್ತೆ.

ಮೋದಿ ಹುಟ್ಟಿದ್ದು 1916ರಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಆಗ ಬಿಜಾಪುರ ಜಿಲ್ಲೆಗೆ ಸೇರಿತ್ತು, ಮುಂಬೈ ಪ್ರಾಂತ್ಯದ ಆಡಳಿತ. ಮೋದಿ ಅಂದ್ರೆ ಗುಜರಾತಿನವರು ಅಂದುಕೊಂಡವರೇ ಜಾಸ್ತಿ, ಆದ್ರೆ ಇವರು ಅಪ್ಪಟ ಉತ್ತರ ಕರ್ನಾಟಕದವರು. ಅಂದ ಹಾಗೆ, ಉತ್ತರದ ಭಾಷೆಗಳಲ್ಲಿ ಮೋದಿ ಅಂದ್ರೆ ದಿನಸಿ ಅಂಗಡಿಯವರು ಅಂತ ಅರ್ಥ. ಅಂಗಡಿಯವರಿಗೂ ಈ ಡಾಕ್ಟರ ಕಥೆಗೂ ನಂಟಿದೆ, ಅದನ್ನೂ ಮುಂದೆ ಹೇಳಲಿದೆ.

ಆ ಕಾಲದಲ್ಲಿ ಬೀಳಗಿ ಸುತ್ತಿನ ಯಾವುದೋ ಹಳ್ಳಿಯಲ್ಲಿ ಒಬ್ಬ ಅಜ್ಜನಿಗೆ ಕಣ್ಣು ಮಂಜಾಯಿತು ಅಂದುಕೊಳ್ಳಿ. ಬೆಂಗಳೂರಿನಲ್ಲಿ ಮಿಂಟೋ ಆಸ್ಪತ್ರೆ ಆಗಲೇ ಇತ್ತು. 1896ರಲ್ಲಿ ಚಿಕ್ಕಪೇಟೆಯಲ್ಲಿ ಸಣ್ಣದಾಗಿ ಶುರುವಾಗಿ, 1913ರಲ್ಲಿ ಚಾಮರಾಜಪೇಟೆಯ ಈಗಿನ ದೊಡ್ಡ ಕಟ್ಟಡಕ್ಕೆ ಬಂದದ್ದು. ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೋ ಹೆಸರು ಇಟ್ಟರು. ಕಣ್ಣಿಗೆ ಅಂತಲೇ ಬೇರೆ ಆಸ್ಪತ್ರೆ ಇರೋದು ಮೈಸೂರು ಸಂಸ್ಥಾನಕ್ಕೆ ದೊಡ್ಡ ಹೆಮ್ಮೆ. ಆದ್ರೆ ಬೀಳಗಿಯವರಿಗೆ ಮಿಂಟೋ ಬೇರೆ ರಾಜ್ಯದ್ದು, ನೂರಾರು ಮೈಲಿ ದೂರದ್ದು. ಅವರಿಗೆ ದೊಡ್ಡ ಊರು ಅಂದ್ರೆ ಮುಂಬೈ. ಅದೂ ದೂರವೇ. ಕಣ್ಣು ಕಾಣದ ಬಡ ಮುದುಕರು ರೈಲು ಹತ್ತಿ ಎಲ್ಲಿಗೂ ಹೋಗೋ ಮಾತೇ ಇರಲಿಲ್ಲ.

ಹಾಗಾಗಿ ಪೊರೆ ಬಂದವರು ಮನೆಯ ಮೂಲೆಗೆ ಸೇರ್ತಿದ್ದರು. ಇಲ್ಲಾಂದ್ರೆ ಊರೂರು ತಿರುಗೋ ಪೊರೆ ತೆಗೆಯುವವರ ಕೈಗೆ ಸಿಗ್ತಿದ್ದರು. ಅವರು ನಿಜವಾಗಿ ಪೊರೆ ತೆಗೀತಿರಲಿಲ್ಲ. ಚೂಪಾದ ಸಲಾಕೆಯಿಂದ ಚುಚ್ಚಿ ಮಂಜಾದ ಮಸೂರವನ್ನ ಕಣ್ಣಿನ ಒಳಕ್ಕೆ ಹಿಂದಕ್ಕೆ ತಳ್ತಿದ್ದರು. ತಕ್ಷಣಕ್ಕೆ ಬೆಳಕು ಕಾಣ್ತಿತ್ತು, ದುಡ್ಡು ತಗೊಂಡು ಅವರು ಮುಂದಿನ ಊರಿಗೆ ಹೋಗ್ತಿದ್ದರು. ಆಮೇಲೆ ಕಣ್ಣು ಕೀವಾಗಿಯೋ ಒತ್ತಡ ಏರಿಯೋ ಶಾಶ್ವತವಾಗಿ ಹೋಗ್ತಿತ್ತು. ಸುಶ್ರುತನ ಕಾಲದಿಂದ ಬಂದ ವಿದ್ಯೆ ಅಂತ ಹೆಮ್ಮೆ ಪಡೋರಿದ್ದಾರೆ, ಆದ್ರೆ ಅದರಿಂದ ಕಣ್ಣು ಕಳಕೊಂಡವರ ಲೆಕ್ಕ ಬರೆದಿಟ್ಟವರು ಯಾರೂ ಇಲ್ಲ.

ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಬರ್ತಿರಲಿಲ್ಲ. ಕಣ್ಣು ಕಾಣದ ಅಜ್ಜ ಅಜ್ಜಿಯನ್ನ ಬಯಲಿಗೆ, ದೇವಸ್ಥಾನಕ್ಕೆ, ಹೊಲಕ್ಕೆ ಕೋಲು ಹಿಡಿದು ನಡೆಸೋಕೆ ಮನೆಯ ಒಂದು ಮಗು ಬೇಕು. ಆ ಮಗು ಶಾಲೆಗೆ ಹೋಗಲ್ಲ. ಅಂದ್ರೆ ಒಂದು ಪೊರೆ ಇಬ್ಬರನ್ನ ಕತ್ತಲಲ್ಲಿ ಇಡ್ತಿತ್ತು, ಒಬ್ಬರು ಮುದುಕರು, ಒಬ್ಬರು ಮಕ್ಕಳು.

ಮೋದಿ ಕಣ್ಣಿನ ವೈದ್ಯರಾದ ಮೇಲೆ ದೊಡ್ಡ ಪಟ್ಟಣದಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದರೆ ಯಾರೂ ತಪ್ಪು ತಿಳೀತಿರಲಿಲ್ಲ. ಆದ್ರೆ ಅವರು 1943ರಿಂದ ಉಲ್ಟಾ ದಾರಿ ಹಿಡಿದರು. ರೋಗಿ ಆಸ್ಪತ್ರೆಗೆ ಬರೋಕಾಗಲ್ಲ ಅಂದ್ರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗೋದು. ಹೋದ ಕಡೆ ಕಾಸು ಕೇಳದೆ ಆಪರೇಷನ್ ಮಾಡೋದು. ದೇಶದಲ್ಲಿ ಇಂಥ ಕೆಲಸ ಮಾಡಿದವರು ಇವರೊಬ್ಬರೇ ಅಲ್ಲ. ಪಂಜಾಬಿನ ಮೋಗಾ ಅನ್ನೋ ಊರಲ್ಲಿ ಡಾಕ್ಟರ್ ಮಥುರಾ ದಾಸ್ ಇವರಿಗಿಂತ ಮೊದಲೇ ಸಾವಿರಗಟ್ಟಲೆ ಪೊರೆ ತೆಗೆದು ಹೆಸರು ಮಾಡಿದ್ದರು. ಆದ್ರೆ ಹಳ್ಳಿಯಿಂದ ಹಳ್ಳಿಗೆ ಬಿಡದೆ ತಿರುಗಿ, ಅದನ್ನೇ ಅರ್ಧ ಶತಮಾನದ ಜೀವನ ಮಾಡಿಕೊಂಡವರು ಅಂದ್ರೆ ಮೋದಿ.

ಕ್ಯಾಂಪ್ ಹೇಗೆ ನಡೀತಿತ್ತು?

ಆ ಕಾಲದ ಕಣ್ಣಿನ ಕ್ಯಾಂಪ್ ಅಂದ್ರೆ ಊರಿನ ಜಾತ್ರೆಯಷ್ಟೇ ದೊಡ್ಡ ವಿಷಯ. ವಾರಗಳ ಮೊದಲೇ ಸುತ್ತಿನ ಹಳ್ಳಿಗೆ ಸುದ್ದಿ ಹೋಗಬೇಕು. ಶಾಲೆಯೋ ಛತ್ರವೋ ಖಾಲಿ ಮಾಡಿಸಿ ತೊಳೆದು ಸುಣ್ಣ ಹೊಡಿಸಬೇಕು. ಜನ ಎತ್ತಿನ ಗಾಡಿಯಲ್ಲಿ, ನಡ್ಕೊಂಡು, ಯಾರದೋ ಹೆಗಲ ಮೇಲೆ ಕೈ ಇಟ್ಟು ಬರ್ತಿದ್ದರು. ಬಂದವರಿಗೆ ಅನ್ನ, ನೀರು, ಮಲಗೋಕೆ ಚಾಪೆ, ಜೊತೆಗೆ ಬಂದ ಮನೆಯವರಿಗೂ ಊಟ. ಇದನ್ನೆಲ್ಲ ಡಾಕ್ಟರ್ ಹೊತ್ತು ತರೋಕಾಗಲ್ಲ. ಊರಿನ ವ್ಯಾಪಾರಸ್ಥರು, ಮಠ, ಸಂಘದವರು ಮುಂದೆ ನಿಂತರೆ ಮಾತ್ರ ಕ್ಯಾಂಪ್. ಅಕ್ಕಿ ಕೊಟ್ಟವರು ಒಬ್ಬರು, ಬೇಳೆ ಕೊಟ್ಟವರು ಒಬ್ಬರು, ಬ್ಯಾಂಡೇಜಿನ ಬಟ್ಟೆ ಕೊಟ್ಟ ಜವಳಿ ಅಂಗಡಿಯವರು ಇನ್ನೊಬ್ಬರು. ಡಾಕ್ಟರ ಹೆಸರು ಪುಸ್ತಕಕ್ಕೆ ಹೋಯ್ತು, ಈ ಅಂಗಡಿಯವರ ಹೆಸರು ಎಲ್ಲೂ ಇಲ್ಲ.

ಮೊದಲ ಕೆಲಸ ಆಪರೇಷನ್ ಅಲ್ಲ, ಪರೀಕ್ಷೆ. ಸಾಲಾಗಿ ಕೂರಿಸಿ ಒಬ್ಬೊಬ್ಬರ ಕಣ್ಣು ನೋಡೋದು. ಪೊರೆ ಬಲಿತಿದೆಯಾ, ಹೂ ಬಿದ್ದಿದೆಯಾ, ಬರೀ ಚಾಳೀಸು ಬೇಕಾ, ಕಣ್ಣಿನ ಒತ್ತಡ ಏರಿ ನರ ಸತ್ತಿದೆಯಾ ಅಂತ ಬೇರೆ ಮಾಡೋದು. ಪೊರೆಯಾದರೆ ಆಪರೇಷನ್ ಸಾಲಿಗೆ, ಉಳಿದವರಿಗೆ ಔಷಧಿ, ಕನ್ನಡಕದ ಚೀಟಿ, ಕೆಲವರಿಗೆ ಏನೂ ಮಾಡೋಕಾಗಲ್ಲ ಅನ್ನೋ ಉತ್ತರ. ಆ ಕೊನೆಯ ಉತ್ತರ ಹೇಳೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಮೂರು ದಿನ ನಡೆದು ಬಂದವರಿಗೆ ಹೇಳಬೇಕು.

ಆಪರೇಷನ್ ಅಂದ್ರೆ ಈಗಿನ ಹಾಗೆ ಲೆನ್ಸ್ ಕೂರಿಸೋದು ಅಲ್ಲ. ಮಂಜಾದ ಮಸೂರವನ್ನ ಇಡಿಯಾಗಿ ಹೊರಗೆ ತೆಗೆಯೋದು, ಅಷ್ಟೇ. ಕಣ್ಣೊಳಗೆ ಕೃತಕ ಲೆನ್ಸ್ ಇಡೋದನ್ನ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿ ತೋರಿಸಿದ್ದರು, ಆದ್ರೆ ಅದು ಭಾರತದ ಬಡವರ ತನಕ ಬರೋಕೆ 1990ರ ದಶಕವೇ ಆಗಬೇಕಾಯ್ತು. ಹಾಗಾಗಿ ಮೋದಿ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡವರು ಕಟ್ಟು ಬಿಚ್ಚೋ ತನಕ ಕೆಲವು ದಿನ ಅಲುಗಾಡದೆ ಮಲಗಬೇಕು, ಆಮೇಲೆ ಹತ್ತರ ಆಸುಪಾಸಿನ ಪ್ಲಸ್ ಪವರಿನ ದಪ್ಪ ಕನ್ನಡಕ ಹಾಕಬೇಕು. ಸೋಡಾ ಬುಡ್ಡಿ ಕನ್ನಡಕ ಅಂತ ಊರಲ್ಲಿ ಕರೀತಾರಲ್ಲ, ಅದೇ. ಅದನ್ನ ಹಾಕಿದರೆ ಮೊಮ್ಮಗುವಿನ ಮುಖ ಕಾಣುತ್ತೆ, ತೆಗೆದರೆ ಮತ್ತೆ ಬರೀ ಮಂಜು. ಅದು ಒಡೆದರೆ ಆಪರೇಷನ್ ಮಾಡಿಸಿದ್ದೂ ವ್ಯರ್ಥ. ಅದಕ್ಕೇ ಮನೆಯ ದೇವರ ಗೂಡಲ್ಲಿ ಕುಂಕುಮದ ಬಟ್ಟಲ ಪಕ್ಕ ಆ ಕನ್ನಡಕ ಇಡೋ ಮನೆಗಳಿದ್ದವು.

ಒಂದೇ ದಿನ 833

ಮೋದಿ ಹೆಸರು ದೇಶ ದಾಟಿದ್ದು ಒಂದು ಸಂಖ್ಯೆಯಿಂದ. ಒಂದೇ ದಿನದಲ್ಲಿ 833 ಪೊರೆ ಆಪರೇಷನ್. ಗಿನ್ನೆಸ್ ದಾಖಲೆ ಪುಸ್ತಕ ಇದನ್ನ ಬರೆದುಕೊಂಡಿದೆ. ಲೆಕ್ಕ ಹಾಕಿ ನೋಡಿ: ಒಂದಕ್ಕೆ ಒಂದೇ ನಿಮಿಷ ಅಂತ ಇಟ್ಟುಕೊಂಡರೂ, ಮಧ್ಯೆ ನೀರು ಕುಡಿಯದೆ ಮಾಡಿದರೂ, ಸುಮಾರು 14 ಗಂಟೆ. ಇದು ಸಾಧ್ಯ ಆಗಿದ್ದು ಸಾಲು ಮೇಜಿನ ಪದ್ಧತಿಯಿಂದ. ಮೇಜುಗಳ ಮೇಲೆ ರೋಗಿಗಳನ್ನ ಮಲಗಿಸಿ ಸಹಾಯಕರು ಕಣ್ಣು ತೊಳೆದು, ಮರಗಟ್ಟಿಸಿ ತಯಾರು ಮಾಡಿ ಇಡೋದು, ಡಾಕ್ಟರ್ ಬಂದು ಮುಖ್ಯ ಕೆಲಸ ಮುಗಿಸಿ ಪಕ್ಕದ ಮೇಜಿಗೆ ಹೋಗೋದು, ಹಿಂದಿನಿಂದ ಇನ್ನೊಬ್ಬರು ಕಟ್ಟು ಕಟ್ಟೋದು. ನಮ್ಮ ಕಡೆ ಮದುವೆ ಮನೆ ಪಂಕ್ತಿಯಲ್ಲಿ ಬಡಿಸೋ ಹಾಗೆ, ಯಾರ ಕೈಯೂ ಖಾಲಿ ಇರಬಾರದು.

ಇಷ್ಟು ವೇಗದ ಬಗ್ಗೆ ಅನುಮಾನ ಬರೋದು ಸಹಜ, ಬರಲೂ ಬೇಕು. ಶಾಲೆಯ ಕೋಣೆ ಎಷ್ಟೇ ತೊಳೆದರೂ ಆಪರೇಷನ್ ಥಿಯೇಟರ್ ಆಗಲ್ಲ. ಕ್ಯಾಂಪ್ ಮುಗಿದ ಮೇಲೆ ಡಾಕ್ಟರ್ ಮುಂದಿನ ಊರಿಗೆ ಹೋಗಿರ್ತಾರೆ, ಕಣ್ಣು ಕೆಂಪಾದರೆ ಹಳ್ಳಿಯವರು ಯಾರ ಹತ್ರ ಓಡಬೇಕು? ದೇಶದ ಬೇರೆ ಬೇರೆ ಕಡೆ ಬೇರೆಯವರು ನಡೆಸಿದ ಕ್ಯಾಂಪುಗಳಲ್ಲಿ ಸೋಂಕು ತಗುಲಿ ಜನ ಕಣ್ಣು ಕಳಕೊಂಡ ಸುದ್ದಿಗಳು ಬಂದವು. ಕೇಂದ್ರ ಸರ್ಕಾರ 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದಾಗ ಕ್ಯಾಂಪುಗಳೇ ಅದರ ಬೆನ್ನೆಲುಬು. 1990ರ ದಶಕದ ನಂತರ ನಿಯಮ ಬದಲಾಯ್ತು. ಪರೀಕ್ಷೆ ಮಾತ್ರ ಹಳ್ಳಿಯಲ್ಲಿ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ. ಈಗ ತಾಲ್ಲೂಕಿಗೆ ಬರೋ ಕಣ್ಣಿನ ಶಿಬಿರಗಳಲ್ಲಿ ರೋಗಿಗಳನ್ನ ಬಸ್ಸಿನಲ್ಲಿ ಕರ್ಕೊಂಡು ಹೋಗಿ ವಾಪಸ್ ಬಿಡೋದು ಇದೇ ಕಾರಣಕ್ಕೆ. ಮಧುರೈನಲ್ಲಿ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ ಬರೀ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ್ ಆಸ್ಪತ್ರೆ ಮಾಡಿದ್ದೂ ಇದನ್ನೇ, ಸಾಲು ಮೇಜಿನ ವೇಗವನ್ನ ಛತ್ರದಿಂದ ಥಿಯೇಟರಿನ ಒಳಗೆ ತಂದಿದ್ದು.

ಮೋದಿಯವರ ಕಾಲದಲ್ಲಿ ಆ ಆಯ್ಕೆ ಇರಲಿಲ್ಲ. ಅವರ ಎದುರು ಇದ್ದದ್ದು ಒಳ್ಳೆ ಥಿಯೇಟರ್ ಮತ್ತು ಶಾಲೆಯ ಕೋಣೆ ಅನ್ನೋ ಪ್ರಶ್ನೆ ಅಲ್ಲ. ಶಾಲೆಯ ಕೋಣೆ ಮತ್ತು ಸಲಾಕೆಯವನು. ಈಗ ಕೂತು ತಪ್ಪು ಹುಡುಕೋರು ಇದನ್ನ ಮರೀಬಾರದು.

1956ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ಬೀಳಗಿ ಮತ್ತು ಬೆಂಗಳೂರು ಒಂದೇ ರಾಜ್ಯಕ್ಕೆ ಸೇರಿದವು. 1968ರಲ್ಲಿ ಪದ್ಮಭೂಷಣ. ಆಮೇಲೆ ಬೆಂಗಳೂರಿನಲ್ಲೇ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಎದ್ದಿತು. ಬಡಾವಣೆಗಳು ಬೆಳೆದ ಹಾಗೆ ರಸ್ತೆಗೂ ಸ್ಟಾಪಿಗೂ ಅದೇ ಹೆಸರು ಅಂಟಿಕೊಂಡಿತು. 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಎಂಟು ತಿಂಗಳಿಗೆ ಮಧುರೈನ ವೆಂಕಟಸ್ವಾಮಿಯವರೂ ಹೋದರು.

ಮರೆತುಹೋದ ಸಂಖ್ಯೆ

ಗಿನ್ನೆಸ್ ಪುಸ್ತಕದಲ್ಲಿ 833 ಮಾತ್ರ ಇಲ್ಲ. 1993ರ ಫೆಬ್ರವರಿ ತನಕದ ಒಟ್ಟು ಲೆಕ್ಕವೂ ಇದೆ. ಆಪರೇಷನ್ 6,10,564. ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630.

ಎಲ್ಲರೂ ಮೊದಲನೇ ಸಂಖ್ಯೆ ಹೇಳಿ ನಿಲ್ಲಿಸ್ತಾರೆ. ಆರು ಲಕ್ಷ ಆಪರೇಷನ್ ಅಂದ್ರೆ ಬಾಯಿ ತುಂಬುತ್ತೆ, ಸನ್ಮಾನದ ಭಾಷಣಕ್ಕೂ ಚೆಂದ. ಆದ್ರೆ ಮೂರನೇ ಸಂಖ್ಯೆ ಜೊತೆ ಇಟ್ಟು ಭಾಗಿಸಿ ನೋಡಿ. ಒಂದು ಕೋಟಿ 21 ಲಕ್ಷದಲ್ಲಿ ಆರು ಲಕ್ಷ ಅಂದ್ರೆ ನೂರಕ್ಕೆ ಐದು. ಮೋದಿ ನೋಡಿದ ಪ್ರತಿ 20 ಜನರಲ್ಲಿ ಕತ್ತಿ ಬೇಕಾಗಿದ್ದು ಒಬ್ಬರಿಗೆ. ಉಳಿದ 19 ಜನರಿಗೆ ಅವರು ಮಾಡಿದ್ದು ಆಪರೇಷನ್ ಅಲ್ಲ, ಕಣ್ಣು ನೋಡಿ ಏನಾಗಿದೆ ಅಂತ ಹೇಳಿದ್ದು. 50 ವರ್ಷದಲ್ಲಿ ಅವರು ಹೆಚ್ಚಾಗಿ ಮಾಡಿದ ಕೆಲಸ ಇದೇ, ಜನ ಇರೋ ಕಡೆ ಹೋಗಿ ಕಣ್ಣು ಪರೀಕ್ಷೆ ಮಾಡೋದು.

ಈಗ ಈ ಲೆಕ್ಕವನ್ನ ಬಸವನಗುಡಿಗೆ ತನ್ನಿ.

ಹಳೇ ಬೆಂಗಳೂರಿನ ಈ ಮೂರು ಪೇಟೆಗಳಲ್ಲಿ ಕಾಲೇಜುಗಳಿಗೆ ಕೊರತೆ ಇಲ್ಲ, ಹಾಸ್ಟೆಲ್ ಪಿಜಿಗಳಿಗೂ ಕೊರತೆ ಇಲ್ಲ. ಕಣ್ಣಿನ ಡಾಕ್ಟರಿಗಂತೂ ಇಲ್ಲವೇ ಇಲ್ಲ. ಚಾಮರಾಜಪೇಟೆಯಲ್ಲಿ ಮಿಂಟೋ ಇದೆ, ಸಂಪಿಗೆ ರಸ್ತೆಯಲ್ಲೂ ಡಿವಿಜಿ ರಸ್ತೆಯಲ್ಲೂ ಕನ್ನಡಕದ ಅಂಗಡಿಗಳಿವೆ. 1943ರ ಬೀಳಗಿಗೆ ಇದ್ದ ಕಷ್ಟ ಒಂದೂ ಇಲ್ಲ. ಆದ್ರೂ ತಾಲ್ಲೂಕಿನಿಂದ ಓದೋಕೆ ಹೋದ ಹುಡುಗ ಹುಡುಗಿ ಮೂರು ವರ್ಷ ಡಿಗ್ರಿ ಮುಗಿಸಿ ಬರ್ತಾರೆ, ಒಂದು ಸಲವೂ ಯಾರೂ ಅವರ ಕಣ್ಣು ನೋಡಿರಲ್ಲ.

ಇದು ಸುಮ್ನೆ ನಿರ್ಲಕ್ಷ್ಯ ಅಲ್ಲ, ವ್ಯವಸ್ಥೆಯಲ್ಲೇ ಒಂದು ತೂತಿದೆ. 2013ರಿಂದ ನಡೀತಿರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ತಂಡ ಬಂದು ಮಕ್ಕಳ ಆರೋಗ್ಯ ನೋಡುತ್ತೆ, ಕಣ್ಣನ್ನೂ ನೋಡುತ್ತೆ. ಅದು 18 ವರ್ಷದ ತನಕ ಮಾತ್ರ. ಹಳ್ಳಿಗಳಿಗೆ ಬರೋ ಉಚಿತ ಶಿಬಿರಗಳ ಗಮನ ಪೊರೆಯ ಮೇಲೆ, ಅಂದ್ರೆ 50 ದಾಟಿದವರ ಮೇಲೆ. ಮಧ್ಯದವರನ್ನ ಸಾಲಲ್ಲಿ ಕೂರಿಸೋರು ಯಾರೂ ಇಲ್ಲ. 18ರಿಂದ 25ರ ವಯಸ್ಸು, ಹಗಲು ಕ್ಲಾಸು, ರಾತ್ರಿ ಮೊಬೈಲು, ಜೀವನದಲ್ಲೇ ಕಣ್ಣನ್ನ ಜಾಸ್ತಿ ದುಡಿಸೋ ಸಮಯ.

ಈ ವಯಸ್ಸಿನವರ ದೊಡ್ಡ ತೊಂದರೆ ಪೊರೆ ಅಲ್ಲ, ಸಮೀಪದೃಷ್ಟಿ. ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಕಲಸಿದ ಹಾಗೆ ಕಾಣುತ್ತೆ. ಕಣ್ಣುಗುಡ್ಡೆ ಸ್ವಲ್ಪ ಉದ್ದ ಬೆಳೆದಿರುತ್ತೆ, ಅದಕ್ಕೆ ಚಿತ್ರ ಕಣ್ಣಿನ ಹಿಂಪರದೆಯ ಮೇಲೆ ಬೀಳೋ ಬದಲು ಅದಕ್ಕಿಂತ ಮುಂದೆಯೇ ಬೀಳುತ್ತೆ. ಮೈನಸ್ ಪವರಿನ ಗಾಜು ಇಟ್ಟರೆ ಸರಿ ಜಾಗಕ್ಕೆ ಹೋಗುತ್ತೆ. ಇಷ್ಟೇ. ಇದು ಸಾಮಾನ್ಯವಾಗಿ ಶಾಲೆಯ ವಯಸ್ಸಲ್ಲಿ ಶುರುವಾಗಿ 20 ದಾಟಿದ ಮೇಲೆ ನಿಲ್ಲೋದು ಜಾಸ್ತಿ. ಪ್ರಪಂಚದ ಅರ್ಧ ಜನರಿಗೆ 2050ರ ಹೊತ್ತಿಗೆ ಸಮೀಪದೃಷ್ಟಿ ಇರಬಹುದು ಅಂತ 2016ರಲ್ಲಿ ಒಂದು ದೊಡ್ಡ ಅಂದಾಜು ಬಂದಿತ್ತು. ಮಕ್ಕಳು ಬಯಲಲ್ಲಿ, ಹಗಲು ಬೆಳಕಲ್ಲಿ ಕಳೆಯೋ ಹೊತ್ತು ಕಡಿಮೆ ಆಗಿದ್ದು, ಹತ್ತಿರ ಇಟ್ಟು ನೋಡೋ ಹೊತ್ತು ಜಾಸ್ತಿ ಆಗಿದ್ದು ಮುಖ್ಯ ಕಾರಣಗಳು.

ತೊಂದರೆ ಏನಂದ್ರೆ ಇದ್ದವರಿಗೆ ಇದೆ ಅಂತ ಗೊತ್ತಾಗಲ್ಲ. ನಿಧಾನಕ್ಕೆ ಬರೋದರಿಂದ ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರ್ತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ನಂಬರ್ ಹತ್ತಿರ ಬಂದ ಮೇಲೆ ಮಾತ್ರ ಗೊತ್ತಾಗೋದು, ಕ್ಲಾಸಿನಲ್ಲಿ ಬೋರ್ಡಿನ ಬದಲು ಪಕ್ಕದವರ ನೋಟ್ಸ್ ನೋಡಿ ಬರ್ಕೊಳ್ಳೋದು, ಟಿವಿ ನೋಡುವಾಗ ಕಣ್ಣು ಕಿರಿದು ಮಾಡೋದು, ರಾತ್ರಿ ಎದುರಿನ ಗಾಡಿ ಲೈಟು ಚೆದುರಿದ ಹಾಗೆ ಕಾಣೋದು, ಸಂಜೆಗೆ ತಲೆನೋವು. ಹಬ್ಬಕ್ಕೆ ಊರಿಗೆ ಬಂದ ಮಕ್ಕಳಲ್ಲಿ ಇದನ್ನ ಅಪ್ಪ ಅಮ್ಮನೇ ಕಂಡುಹಿಡೀಬಹುದು. ಅಂಗಡಿ ಬಾಗಿಲಲ್ಲಿ ನಿಲ್ಲಿಸಿ ರಸ್ತೆ ಆಚೆಯ ಬೋರ್ಡು ಓದಿಸಿ. ಒಂದು ಕಣ್ಣು ಮುಚ್ಚಿ ಒಂದು ಸಲ, ಇನ್ನೊಂದು ಮುಚ್ಚಿ ಒಂದು ಸಲ. ಒಂದೇ ಕಣ್ಣಲ್ಲಿ ತೊಂದರೆ ಇರೋರಿಗೆ ಎರಡೂ ತೆರೆದಾಗ ಏನೂ ಗೊತ್ತಾಗಿರಲ್ಲ.

ಸ್ಕೂಟರ್ ಲೈಸೆನ್ಸ್ ಮಾಡಿಸುವಾಗ ಗೊತ್ತಾಗಲ್ವಾ ಅಂತ ಕೇಳಬಹುದು. ಸ್ವಂತ ಗಾಡಿ ಓಡಿಸೋ 18ರ ಹುಡುಗರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಡ. ಫಾರ್ಮ್ 1ರಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ ಅಂತ ಪ್ರಶ್ನೆ ಇರುತ್ತೆ, ಹೌದು ಅಂತ ತಾವೇ ಬರೀತಾರೆ. ಇನ್ನು ಕೆಲವರಿಗೆ ಗೊತ್ತಾಗೋದು ಕೆಲಸದ ಮೆಡಿಕಲ್ ಟೆಸ್ಟಿನಲ್ಲಿ. ರೈಲ್ವೆಯ ಲೋಕೋ ಪೈಲಟ್ ಕೆಲಸಕ್ಕೆ ಬಣ್ಣ ಗುರುತಿಸೋ ಶಕ್ತಿ ಕಡ್ಡಾಯ. ಬಣ್ಣಗುರುಡು ಗಂಡುಮಕ್ಕಳಲ್ಲೇ ಹೆಚ್ಚು, ಹುಟ್ಟಿನಿಂದಲೇ ಇರುತ್ತೆ, ಇದಕ್ಕೆ ಔಷಧಿ ಇಲ್ಲ. ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿಸೋ ಪುಸ್ತಕ ಕಣ್ಣಿನ ಆಸ್ಪತ್ರೆಗಳಲ್ಲಿ ಇರುತ್ತೆ, ಐದು ನಿಮಿಷದ ಕೆಲಸ. ಮೊದಲೇ ಗೊತ್ತಿದ್ದರೆ ವರ್ಷಗಟ್ಟಲೆ ಕೋಚಿಂಗ್ ಫೀಸ್ ಕಟ್ಟಿ ಕೊನೆಗೆ ಬಾಗಿಲಲ್ಲಿ ವಾಪಸ್ ಬರೋದು ತಪ್ಪುತ್ತೆ.

ಗೊತ್ತಾದ ಮೇಲೂ ಕನ್ನಡಕ ಹಾಕದೆ ಇರೋರು ಬಹಳ. ಇಲ್ಲೇ ಮೋದಿ ಕ್ಯಾಂಪಿನ ಅಜ್ಜಿಯ ಕನ್ನಡಕ ಮತ್ತೆ ಬರೋದು. ಸೋಡಾ ಬುಡ್ಡಿ ಅನ್ನೋ ಮಾತು ಅಜ್ಜಿಗೆ ಅವಮಾನ ಆಗಿರಲಿಲ್ಲ, ಅದು ಅವರಿಗೆ ವಾಪಸ್ ಬಂದ ಕಣ್ಣು. ಅದೇ ಮಾತು ಈಗ ಹಾಸ್ಟೆಲ್ಲಿನಲ್ಲಿ ಗೇಲಿಯ ಹೆಸರಾಗಿದೆ. ಮದುವೆ ವಯಸ್ಸಿನ ಹುಡುಗಿ, ಕನ್ನಡಕ ಬೇಡ ಅನ್ನೋ ಮನೆಗಳು ಈಗಲೂ ಇವೆ. ಕನ್ನಡಕ ಹಾಕಿದರೆ ಪವರ್ ಏರುತ್ತೆ ಅನ್ನೋ ಮಾತೂ ಇದೆ, ಅದು ಸುಳ್ಳು. ಏರಬೇಕಾದ ವಯಸ್ಸಲ್ಲಿ ಹಾಕಿದರೂ ಏರುತ್ತೆ, ಹಾಕದಿದ್ದರೂ ಏರುತ್ತೆ. ಹಾಕದೆ ಇದ್ದರೆ ಅಷ್ಟು ವರ್ಷ ಕಾಣಲ್ಲ, ಅಷ್ಟೇ ವ್ಯತ್ಯಾಸ. ಮೈನಸ್ ಆರು ದಾಟಿದವರು ಮಾತ್ರ ಹುಷಾರು. ಅವರ ಕಣ್ಣಿನ ಹಿಂಪರದೆ ತೆಳುವಾಗಿರುತ್ತೆ, ಕಿತ್ತು ಬರೋ ಅಪಾಯ ಇರುತ್ತೆ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ಜಾಸ್ತಿಯಾದರೆ, ಮಿಂಚು ಹೊಡೆದ ಹಾಗಾದರೆ, ಪರದೆ ಇಳಿದ ಹಾಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲೇಸರ್ ಮಾಡಿಸಿ ಕನ್ನಡಕ ಬಿಟ್ಟವರಿಗೂ ಈ ಮಾತು ಅನ್ವಯ, ಯಾಕಂದ್ರೆ ಲೇಸರ್ ಕಣ್ಣಿನ ಮುಂಭಾಗವನ್ನ ಸರಿ ಮಾಡುತ್ತೆ, ಹಿಂಪರದೆ ಹಾಗೇ ಇರುತ್ತೆ.

ಮೊಬೈಲಿನಿಂದ ಕಣ್ಣೇ ಹೋಗುತ್ತೆ ಅಂತ ಹೆದರಿಸೋದು ಬೇಡ. ಪರದೆ ನೋಡುವಾಗ ರೆಪ್ಪೆ ಬಡಿಯೋದು ಅರ್ಧಕ್ಕಿಂತ ಕಡಿಮೆ ಆಗುತ್ತೆ, ಕಣ್ಣು ಒಣಗುತ್ತೆ, ಉರಿಯುತ್ತೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನ 20 ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರು ಹೇಳೋದು ಇದಕ್ಕೇ. ನಿಜವಾದ ಅಪಾಯ ಇರೋದು ಬೇರೆ ಕಡೆ. ಕಣ್ಣು ಉರಿ ಅಂತ ಮೆಡಿಕಲ್ ಶಾಪಿಗೆ ಹೋಗಿ ಕೇಳಿ ಡ್ರಾಪ್ಸ್ ತಗೊಳ್ಳೋದು. ಸ್ಟೀರಾಯ್ಡ್ ಇರೋ ಡ್ರಾಪ್ಸ್ ಹಾಕಿದರೆ ಕೆಂಪು ಒಂದೇ ದಿನಕ್ಕೆ ಇಳಿಯುತ್ತೆ, ಹುಡುಗರು ಖುಷಿಯಾಗಿ ತಿಂಗಳುಗಟ್ಟಲೆ ಅದನ್ನೇ ಹಾಕ್ತಾರೆ. ಅದು ಕಣ್ಣಿನ ಒತ್ತಡ ಏರಿಸುತ್ತೆ, ಪೊರೆಯನ್ನೂ ಬರಿಸುತ್ತೆ. ಒತ್ತಡದಿಂದ ನರ ಸತ್ತರೆ ವಾಪಸ್ ಬರಲ್ಲ. ಮೋದಿ ಕ್ಯಾಂಪಿನಲ್ಲಿ ಏನೂ ಮಾಡೋಕಾಗಲ್ಲ ಅನ್ನೋ ಉತ್ತರ ಕೇಳಿ ಎದ್ದು ಹೋದವರಲ್ಲಿ ನರ ಸತ್ತವರೂ ಇರ್ತಿದ್ದರು. 20ರ ವಯಸ್ಸಲ್ಲಿ ಅಂಗಡಿಯ ಕೌಂಟರಿನಿಂದ ಅದನ್ನ ಕೊಂಡು ತರೋದು ಅಂದ್ರೆ ಏನು ಹೇಳೋದು. ಚೀಟಿ ಇಲ್ಲದೆ ಬಂದವರಿಗೆ ಸ್ಟೀರಾಯ್ಡ್ ಡ್ರಾಪ್ಸ್ ಕೊಡದೆ ಕಳಿಸೋ ಮೆಡಿಕಲ್ ಶಾಪಿನವರು ಆ ದಿನದ 50-60 ರೂಪಾಯಿ ವ್ಯಾಪಾರ ಬಿಡ್ತಾರೆ ನಿಜ. ಕ್ಯಾಂಪಿಗೆ ಅಕ್ಕಿ ಕೊಟ್ಟ ಅಂಗಡಿಯವರೂ ಲಾಭ ನೋಡಿರಲಿಲ್ಲ.

ಪರೀಕ್ಷೆಗೆ ಹೋಗೋರಿಗೆ ಒಂದೆರಡು ವಿಷಯ. ಕನ್ನಡಕದ ಅಂಗಡಿಯಲ್ಲಿ ನೋಡೋದು ಪವರ್ ಮಾತ್ರ, ಕಣ್ಣಿನ ಒಳಗಿನ ಒತ್ತಡ, ನರ, ಹಿಂಪರದೆ ನೋಡೋಕೆ ಡಾಕ್ಟರೇ ಬೇಕು. ಗೋಡೆ ಮೇಲಿನ ಅಕ್ಷರಗಳನ್ನ 6 ಮೀಟರ್ ದೂರದಿಂದ ಓದಿಸ್ತಾರೆ, 6/6 ಅಂತ ಬರೆದರೆ ದೂರದ ನೋಟ ಸರಿ ಇದೆ ಅಂತ. 6/60 ಅಂದ್ರೆ ಬೇರೆಯವರು 60 ಮೀಟರಿನಿಂದ ಓದೋದನ್ನ ಇವರು 6 ಮೀಟರಿಗೆ ಬಂದು ಓದ್ತಿದ್ದಾರೆ ಅಂತ. ಇಂಗ್ಲಿಷ್ ಬಾರದವರಿಗೆ ಕನ್ನಡ ಅಕ್ಷರದ ಚಾರ್ಟ್ ಕೇಳಬಹುದು. ಹಳೇ ಕನ್ನಡಕ, ಹಳೇ ಚೀಟಿ ಇದ್ದರೆ ತಗೊಂಡು ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಹಿಂಪರದೆ ನೋಡೋಕೆ ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ಅಗಲ ಮಾಡ್ತಾರೆ, ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಓದೋಕಾಗಲ್ಲ, ಬಿಸಿಲು ಚುಚ್ಚುತ್ತೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ, ಸ್ಕೂಟರ್ ಓಡಿಸಿಕೊಂಡೂ ಹೋಗಬೇಡಿ. ಜೊತೆಗೆ ಒಬ್ಬರನ್ನ ಕರ್ಕೊಂಡು ಬಸ್ಸಿನಲ್ಲಿ ಹೋಗಿ.